ಕಪ್ಪೆಗೆಷ್ಟು ಗಾಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಆ ಸಿಟ್ಟನ್ನು ನಾನು ನುಂಗಿಕೊಂಡು ಓಡಾಡಿದ್ದೇ ಕಾರಣ. ಬಂದ ದಿನವೇ ಬೈದುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನನ್ನದು ನೀರಿನ ಕೆಲಸ. ನಮ್ಮ ಮನೆಯ ಬೆನ್ನಿಗೇ ಒಂದು ಕಲ್ಲುಗುಡ್ಡ. ಅದರ ನೆತ್ತಿಯಲ್ಲಿ ಒಂದು ನೀರಿನ ಬುಗ್ಗೆ. ಅಲ್ಲಿಂದ ಒಂದು ಪೈಪು ಬಂಡೆಗಳ ಸಂದಿಯಲ್ಲಿ ತೂರಿಕೊಂಡು ಇಳಿದು ಊರಿಗೆ ನೀರು ತರುತ್ತದೆ. ಆ ಪೈಪನ್ನು ಕಾಯುವವಳು ನಾನು. ಜಾಲರಿಗೆ ಸಿಕ್ಕಿಕೊಂಡ ಎಲೆ ಕಸ ತೆಗೆಯಬೇಕು, ವಾಲ್ವುಗಳನ್ನು ತಿರುಗಿಸಿ ನೋಡಬೇಕು, ಎಲ್ಲಾದರೂ ಜಿನುಗುತ್ತಿದೆಯೇ ಎಂದು ಪೈಪಿಗೆ ಕಿವಿಯಿಟ್ಟು ಕೇಳಬೇಕು. ಒಳಗೆ ನೀರು ಸರಾಗವಾಗಿ ಹರಿಯುತ್ತಿದ್ದರೆ ನಿದ್ದೆ ಹೋದ ಮಗುವಿನ ಉಸಿರಿನ ಹಾಗೆ ಕೇಳುತ್ತದೆ. ಆ ಸದ್ದು ಕೇಳಿ, ಮೇಲೆ ಬಂಡೆಯ ಮೇಲೆ ಕೂತು, ಕೆಳಗೆ ಬೆಂಕಿಪೊಟ್ಟಣಗಳ ಹಾಗೆ ಕಾಣುವ ಮನೆಗಳನ್ನು ನೋಡುತ್ತ ಡಬ್ಬಿಯ ಊಟ ಮಾಡುವಾಗ ನನಗಿಂತ ಸುಖಿ ಯಾರೂ ಇಲ್ಲ ಅನ್ನಿಸುತ್ತದೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ನನಗೂ ಯಾರ ಮೇಲೂ ಸಿಟ್ಟು ಬರುವುದಿಲ್ಲ.

ಮಂಡಿನೋವು ಶುರುವಾದ ಮೇಲೆ ಇಲಾಖೆಯವರು ನನಗೊಂದು ಎಟಿವಿ ಕೊಟ್ಟರು. ಬೈಕಿನ ಹಾಗೆ ಕಾಲು ಆಚೆಗೊಂದು ಈಚೆಗೊಂದು ಹಾಕಿ ಕೂರುವ ಗಾಡಿ. ಆದರೆ ಗಾಲಿ ನಾಲ್ಕು, ಒಂದೊಂದೂ ಡುಮ್ಮಗೆ. ರಸ್ತೆ ಇಲ್ಲದ ಕಡೆ ಓಡಲೆಂದೇ ಮಾಡಿದ್ದು. ನಮ್ಮ ಗಾಡಿ ಓಡುತ್ತಿರಲಿಲ್ಲ, ಕುಪ್ಪಳಿಸುತ್ತಿತ್ತು. ಒಂದು ಕಲ್ಲು ಹತ್ತಿತೆಂದರೆ ಛಂಗನೆ ಹಾರಿ ಇನ್ನೊಂದರ ಮೇಲೆ ಬೀಳುತ್ತಿತ್ತು. ಅದಕ್ಕೇ ಮನೆಯಲ್ಲಿ ಅದಕ್ಕೆ ಕಪ್ಪೆ ಎಂದು ಹೆಸರು ಬಿತ್ತು. ಗುಡ್ಡ ಇಳಿದು ಬಂದಾಗ ನನ್ನ ಸೊಂಟದ ಒಂದೊಂದು ಮೂಳೆಯೂ ಬೇರೆ ಬೇರೆಯಾಗಿ ಮಾತಾಡುತ್ತಿತ್ತು.

ಕಪ್ಪೆಯ ಆರೈಕೆ ನಮ್ಮನೆಯವರದು. ಅವರು ಆಯುಸ್ಸೆಲ್ಲ ಬಸ್ಸು ಓಡಿಸಿದವರು. ನಿವೃತ್ತರಾದ ಹೊಸದರಲ್ಲಿ ಅವರನ್ನು ನೋಡುವುದೇ ಕಷ್ಟವಾಗಿತ್ತು. ಬೆಳಗಾಗುವ ಮೊದಲೇ ಎದ್ದು, ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲಿಗೂ ಹೋಗಲು ಇಲ್ಲದೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕಪ್ಪೆ ಮನೆಗೆ ಬಂದ ದಿನವೇ ಅವರ ಬೆನ್ನು ನೆಟ್ಟಗಾಯಿತು. ಬೆಳಿಗ್ಗೆ ಅದನ್ನು ಒರೆಸುವುದು, ಎಣ್ಣೆ ನೋಡುವುದು, ಕೊನೆಗೆ ತಮ್ಮ ಹಳೆಯ ಕಬ್ಬಿಣದ ಸಲಾಕೆಯಿಂದ ಗಾಲಿಗಳಿಗೆ ಬಡಿಯುವುದು. ಬಸ್ಸಿನ ಕಾಲದ ಅಭ್ಯಾಸ ಅದು. ಡಿಪೋ ಬಿಡುವ ಮುನ್ನ ಪ್ರತಿ ಗಾಲಿಗೂ ಒಂದೇಟು. ಠಣ್ ಅಂದರೆ ಗಾಳಿ ಸರಿ, ದಪ್ ಅಂದರೆ ಗಾಳಿ ಕಮ್ಮಿ. ಆ ಒಂದೇಟಿನ ದೆಸೆಯಿಂದಲೇ ತಾವು ಒಂದು ದಿನವೂ ಪ್ರಯಾಣಿಕರನ್ನು ನಡುದಾರಿಯಲ್ಲಿ ನಿಲ್ಲಿಸಿಲ್ಲ ಎಂಬುದು ಅವರ ಹೆಮ್ಮೆ. ನಾನು ಅಡಿಗೆಮನೆಯಲ್ಲಿ ಹಾಲಿಡುವ ಹೊತ್ತಿಗೆ ಶೆಡ್ಡಿನಿಂದ ಠಣ್, ಠಣ್, ಠಣ್, ಠಣ್ ಎಂದು ಕೇಳಬೇಕು. ಆಗ ನನಗೆ ಬೆಳಗಾದ ಹಾಗೆ.

ಇಷ್ಟೆಲ್ಲ ಜತನ ಮಾಡಿದರೂ ಕಪ್ಪೆಯ ಟೈರುಗಳು ಬಾಳುತ್ತಿರಲಿಲ್ಲ. ಗುಡ್ಡದ ಕಲ್ಲಿನ ಅಂಚು ತಾಗಿದರೆ ಸಾಕು, ಪಕ್ಕೆ ಸೀಳಿ ಬುಸ್ ಎನ್ನುತ್ತಿದ್ದವು. ಆ ವರ್ಷ ಹಾಗೆ ಸೀಳಿದ್ದು ಒಂದೆರಡಲ್ಲ. ಕೊನೆಯದು ಸೀಳಿದ್ದು ಹಾಸುಬಂಡೆಯ ಮೇಲೆ. ಅದು ದಾರಿಯ ನಡುವೆ ಮನೆಯ ಮಾಡಿನ ಹಾಗೆ ಇಳಿಜಾರಾಗಿ ಮಲಗಿರುವ ದೊಡ್ಡ ಬಂಡೆ. ಗಾಡಿ ಅಡ್ಡಡ್ಡ ಜಾರಿತು, ನಾನು ಪಕ್ಕದ ಪೊದೆಗೆ ಬಿದ್ದೆ. ಪೆಟ್ಟಾಗಲಿಲ್ಲ. ಆದರೆ ಸುದ್ದಿ ಇಂಜಿನಿಯರಮ್ಮನ ಕಿವಿಗೆ ಬಿತ್ತು.

ಇಂಜಿನಿಯರಮ್ಮ ಎಂದರೆ ನಮ್ಮ ಮೇಲಧಿಕಾರಿ. ನನಗಿಂತ ತುಂಬಾ ಚಿಕ್ಕವಳು, ಒಳ್ಳೆಯವಳು. ನನ್ನನ್ನು ಕಚೇರಿಗೆ ಕರೆಸಿ, ತಾನೇ ಕುರ್ಚಿ ಎಳೆದು ಕೂರಿಸಿದಳು. ಅಷ್ಟು ಮರ್ಯಾದೆ ಕಂಡಾಗಲೇ ಏನೋ ಕಾದಿದೆ ಅಂದುಕೊಂಡೆ.

"ಅಕ್ಕಾ, ನಂಗೆ ನಿಮ್ದೇ ಯೋಚನೆ ಆಗ್ಬಿಟ್ಟಿದೆ. ಇನ್ನೊಂದ್ಸಲ ಬಿದ್ರೆ ಪೊದೆ ಇರತ್ತೋ ಬಂಡೆ ಇರತ್ತೋ ಯಾರಿಗ್ಗೊತ್ತು? ಒಂದು ಸೆಟ್ ಹೊಸ ಟೈರು ಕೊಡಿಸ್ತೀನಿ. ನೀವೇ ನೋಡಿ ಆರಿಸ್ಕೊಳಿ. ಹದಿನೈದು ದಿನ ಬಿಟ್ಟು ನಾನೇ ಗುಡ್ಡಕ್ಕೆ ಬರ್ತೀನಿ. ಹಾಸುಬಂಡೆ ಸಲೀಸಾಗಿ ಹತ್ತಿದ್ರೆ ಸರಿ. ಇಲ್ಲಾಂದ್ರೆ ಗಾಡಿ ವಾಪಸ್ಸು. ನಿಮಗೆ ಬಿಲ್ ಕೌಂಟರ್‌ನಲ್ಲಿ ಜಾಗ ಇಟ್ಟಿದೀನಿ. ಫ್ಯಾನಿದೆ, ಕುರ್ಚಿಗೆ ಮೆತ್ತೆ ಇದೆ."

ಫ್ಯಾನು, ಮೆತ್ತೆ! ಗಾಜಿನ ಹಿಂದೆ ಕೂತು ದಿನವಿಡೀ ಜನರ ಬೈಗುಳ ತಿನ್ನುವ ಕೆಲಸ ನನಗೆ ಕೊಟ್ಟರೆ, ಮೊದಲ ವಾರದಲ್ಲೇ ಆ ಗಾಜು ಪುಡಿಯಾಗುತ್ತದೆ, ಒಳಗಿನಿಂದ. ಗುಡ್ಡ ಇಲ್ಲದ ನನ್ನ ದಿನವನ್ನು ಊಹಿಸಿಕೊಳ್ಳಲೂ ಆಗಲಿಲ್ಲ. "ಆಗ್ಲಿ" ಎಂದಷ್ಟೇ ಹೇಳಿ ಎದ್ದು ಬಂದೆ.

ಟೈರು ಆರಿಸಲು ಗಂಡ ಹೆಂಡತಿ ಇಬ್ಬರೂ ಹೋದೆವು. ನಮ್ಮೂರಿನ ಟೈರಂಗಡಿಯವನಿಗೆ ಗುಡುಗು ಎಂದು ಅಡ್ಡಹೆಸರು. ಆಳು ಬೀರುವಿನಷ್ಟಿದ್ದಾನೆ, ದನಿ ಮಾತ್ರ ಪಿಸುಪಿಸು. ಅವನ ಮಾತು ಕೇಳಬೇಕಾದರೆ ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ಯಬೇಕು. ಅಂಗಡಿಯ ಒಳಗೆ ಹೊಸ ರಬ್ಬರಿನ ಘಾಟು, ನೆಲದಿಂದ ಸೂರಿನವರೆಗೆ ಕಪ್ಪು ಕಂಬಗಳ ಹಾಗೆ ಪೇರಿಸಿದ ಟೈರು, ನಡುವೆ ಒಬ್ಬರೇ ನುಸುಳುವಷ್ಟು ಓಣಿ.

ನನ್ನ ಕಣ್ಣು ಮೊದಲು ಹೋದದ್ದು ರಾಕ್ಷಸನ ಹಾಗಿದ್ದ ಒಂದು ಟೈರಿನ ಮೇಲೆ. ಬೆರಳುದ್ದದ ಹಲ್ಲುಗಳು, ನಡುನಡುವೆ ಕೈ ತೂರುವಷ್ಟು ಸಂದು.

"ಇದು ಕಚ್ಚಿದ್ರೆ ಬಿಡೋ ಹಾಗೆ ಕಾಣಲ್ಲ. ಇದೇ ಆಗ್ಲಿ" ಅಂದೆ.

ಗುಡುಗು ತಲೆಯಾಡಿಸಿದ. "ಇದು ಕೆಸರಿಗೆ ಅಕ್ಕಾ. ಸಂದು ದೊಡ್ಡದಿದ್ರೆ ಕೆಸರು ಉದುರಿಹೋಗತ್ತೆ. ಕಲ್ಲಿನ ಮೇಲೆ ಈ ಹಲ್ಲೆಲ್ಲ ಬಾಗತ್ತೆ, ಆಮೇಲೆ ಮುರಿಯತ್ತೆ. ಬಂಡೇನ ಕಚ್ಚೋಕಾಗತ್ತಾ? ಅದನ್ನ ಅಪ್ಕೋಬೇಕು."

ಅಷ್ಟರಲ್ಲಿ ಓಣಿಯ ಆ ತುದಿಯಿಂದ ಬಡಿಯುವ ಸದ್ದು ಬಂತು. ನಮ್ಮನೆಯವರು ಸಲಾಕೆಯನ್ನು ಅಂಗಡಿಗೂ ತಂದಿದ್ದರು! ಒಂದೊಂದು ಟೈರಿಗೂ ಬಡಿದು, ಕಿವಿಗೊಟ್ಟು ಕೇಳಿ, ಮುಂದಕ್ಕೆ ಹೋಗುತ್ತಿದ್ದರು. ಗಾಳಿಯೇ ಇಲ್ಲದ ಟೈರಿನಲ್ಲಿ ಅವರು ಏನನ್ನು ಕೇಳುತ್ತಿದ್ದರೋ ದೇವರೇ ಬಲ್ಲ.

"ಬಾರೇ ಇಲ್ಲಿ, ಇದು ನೋಡು. ಕಬ್ಬಿಣ ಇದ್ದಂಗಿದೆ. ಕಲ್ಲಿಗೆ ಕಲ್ಲೇ ಬೇಕು."

"ಕಲ್ಲಿಗೆ ಕಲ್ಲು ತಾಗಿದ್ರೆ ಕಿಡಿ ಬರತ್ತೆ ಅಷ್ಟೆ. ನಂಗೆ ಬೇಕಾಗಿರೋದು ಹಿಡಿತ."

"ಗಾಲಿ ವಿಷಯದಲ್ಲಿ ನಂಗೆ ಹೇಳಿಕೊಡ್ತೀಯಾ ನೀನು?"

"ಕೂರೋಳು ನಾನು ಕಣ್ರೀ! ಪೊದೆಗೆ ಬಿದ್ದೋಳೂ ನಾನೇ!"

ಗುಡುಗು ನಮ್ಮಿಬ್ಬರ ನಡುವೆ ಬಂದು ನಿಂತ. ಆ ಓಣಿಯಲ್ಲಿ ಅವನು ನಿಂತರೆ ಜಗಳ ಆಚೆಗೂ ಹೋಗುವುದಿಲ್ಲ, ಈಚೆಗೂ ಬರುವುದಿಲ್ಲ. ಹಿಂದಿನ ಸಾಲಿನಿಂದ ಒಂದು ಟೈರು ಇಳಿಸಿ ನನ್ನೆದುರು ಉರುಳಿಸಿದ. ನೋಡಲು ಸಪ್ಪೆ. ಹಲ್ಲುಗಳಲ್ಲ, ಒತ್ತೊತ್ತಾಗಿ ಜೋಡಿಸಿದ ಗಿಡ್ಡ ಬಿಲ್ಲೆಗಳು. ಆದರೆ ಉಗುರು ಊರಿದರೆ ರಬ್ಬರು ಮೆತ್ತಗೆ ತಗ್ಗಿತು. ಬಿಲ್ಲೆಗಳು ಪಕ್ಕೆಯ ಅರ್ಧದವರೆಗೂ ಇಳಿದಿದ್ದವು. ಪಕ್ಕೆಯೋ, ಎರಡೂ ಕೈಯಲ್ಲಿ ಹಿಸುಕಿದರೂ ಜಗ್ಗಲಿಲ್ಲ.

"ತಳ ಮೆತ್ತಗೆ, ಪಕ್ಕೆ ದಪ್ಪ. ಒಳಗೆ ಪದರದ ಮೇಲೆ ಪದರ ಇದೆ. ನಿಮ್ಮ ಗುಡ್ಡದ ಕಲ್ಲು ಕಚ್ಚೋದೇ ಪಕ್ಕೆಗೆ ತಾನೆ? ರಸ್ತೆ ಮೇಲೆ ಓಡಿಸಿದ್ರೆ ಬೇಗ ಸವೆಯತ್ತೆ. ನೀವು ರಸ್ತೇಲಿ ಓಡಿಸಲ್ವಲ್ಲ."

"ಇದೇ" ಅಂದೆ ನಾನು.

"ಬೆಣ್ಣೆ ಟೈರು" ಎಂದು ನಮ್ಮನೆಯವರು ಮೂಗು ಮುರಿದು, ಸಲಾಕೆ ಹೆಗಲಿಗೇರಿಸಿ, ಆಚೆ ಹೋಗಿ ರಸ್ತೆಯ ಬಸ್ಸುಗಳನ್ನು ನೋಡುತ್ತ ನಿಂತರು.

ಗುಡುಗು ಟೈರುಗಳನ್ನು ಗಾಡಿಗೆ ಹಾಕಿ, ಗಾಳಿ ತುಂಬಿ, ಕೊನೆಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ಗಾಳಿ ಅಳತೆಗೆ ಸರಿಯಾಗಿ ಹಾಕಿದೀನಿ. ಇದಕ್ಕೆ ತುಂಬಾ ಕಮ್ಮಿ ಗಾಳಿ ಸಾಕು. ಯಾರೂ ಮುಟ್ಟಬೇಡಿ."

ಆ ಸಂಜೆಯೇ ಗಾಡಿಯನ್ನು ಹಾಸುಬಂಡೆಗೆ ಒಯ್ದೆ. ಏನು ಹೇಳಲಿ! ಕಪ್ಪೆ ಕುಪ್ಪಳಿಸಲೇ ಇಲ್ಲ. ಗಾಲಿಗಳು ಪ್ರತಿ ಕಲ್ಲಿನ ಮೇಲೂ ಹಿಟ್ಟಿನ ಮುದ್ದೆಯ ಹಾಗೆ ಒತ್ತಿಕೊಂಡು, ಅದರ ಆಕಾರ ತಾಳಿ, ಮೆಲ್ಲಗೆ ಬಿಟ್ಟು ಮುಂದಕ್ಕೆ ಹೋದವು. ಹಾಸುಬಂಡೆಯನ್ನು ಗಾಡಿ ಉಡದ ಹಾಗೆ ಅವಚಿಕೊಂಡು ಹತ್ತಿತು. ಮೇಲೆ ಹೋಗಿ ಇಂಜಿನ್ ಆರಿಸಿ, ಒಬ್ಬಳೇ ಗಟ್ಟಿಯಾಗಿ ನಕ್ಕೆ. ಗುಡ್ಡ ನನ್ನದೇ ಉಳಿಯಿತು ಅನ್ನಿಸಿತು. ಮನೆಗೆ ಬಂದು, "ಗಾಳಿ ಮುಟ್ಟಬಾರದಂತೆ ಕಣ್ರೀ" ಅಂದೆ. ಅವರು "ಹೂಂ" ಅಂದರು.

ಮರುದಿನ ಬೆಳಿಗ್ಗೆ ಹಾಲಿಡುವ ಹೊತ್ತಿಗೆ ಶೆಡ್ಡಿನಿಂದ ದಪ್, ದಪ್ ಎಂದು ಕೇಳಿತು. ಆಮೇಲೆ ಕಾಲಿನಲ್ಲಿ ಒತ್ತುವ ಪಂಪಿನ ಕೀಚು ಕೀಚು ಬಹಳ ಹೊತ್ತು. ಆಮೇಲೆ ಠಣ್.

ಅವತ್ತು ಕಪ್ಪೆ ಮತ್ತೆ ಕುಪ್ಪಳಿಸಿತು. ಮೊದಲ ತಿರುವಿನಲ್ಲೇ ನನ್ನ ಸೊಂಟ ಹೇಳಿಬಿಟ್ಟಿತು. ನಿಲ್ಲಿಸಿ ಇಳಿದು ನೋಡಿದೆ. ನಿನ್ನೆ ಕಲ್ಲನ್ನು ಅಪ್ಪಿಕೊಂಡಿದ್ದ ಗಾಲಿ ಇವತ್ತು ಅದರ ಮೊನೆಯ ಮೇಲೆ ಚೆಂಡಿನ ಹಾಗೆ ತುದಿಗಾಲಲ್ಲಿ ನಿಂತಿತ್ತು. ಆಗ ನನಗೆ ವರ್ಷವಿಡೀ ನಡೆದದ್ದೆಲ್ಲ ಹೊಳೆಯಿತು. ಕುಪ್ಪಳಿಕೆ, ಜಾರುವಿಕೆ, ಸೀಳಿದ ಪಕ್ಕೆಗಳು, ಪೊದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾವು ಟೈರುಗಳನ್ನು ಬೈಯುತ್ತ ಬಂದಿದ್ದೆವು. ಬಿಗಿಯಾಗಿ ಊದಿಕೊಂಡ ರಬ್ಬರು ಕಲ್ಲಿಗೆ ಮಣಿಯುವುದಿಲ್ಲ, ಸೀಳುತ್ತದೆ. ನಮ್ಮನೆಯವರು ದಿನಾ ಬೆಳಿಗ್ಗೆ ಶ್ರದ್ಧೆಯಿಂದ ನನ್ನನ್ನು ಪೊದೆಗೆ ಬೀಳಿಸುವ ಏರ್ಪಾಡು ಮಾಡುತ್ತಿದ್ದರು.

ಸಿಟ್ಟು ನೆತ್ತಿಗೇರಿತು. ಗಾಡಿ ತಿರುಗಿಸಿ ಮನೆಗೆ ಬಂದೆ. ನಾಲಿಗೆಯ ಮೇಲೆ ಬೈಗುಳ ಸಾಲುಗಟ್ಟಿ ನಿಂತಿದ್ದವು. ಶೆಡ್ಡಿನ ಬಾಗಿಲಲ್ಲಿ ನಮ್ಮನೆಯವರು ಸಲಾಕೆಯನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತ, ಏನೋ ಗುನುಗುತ್ತ ಇದ್ದರು. ಮುಖದ ತುಂಬ ಕೆಲಸ ಮುಗಿಸಿದವರ ನೆಮ್ಮದಿ. ಆ ಇಸ್ತ್ರಿ ಅಂಗಿ, ಖಾಲಿ ಕುರ್ಚಿಯ ದಿನಗಳು ನೆನಪಾದವು.

"ಏನೇ, ಏನಾದ್ರೂ ಮರೆತ್ಯಾ?"

"ಹೂಂ, ನೀರಿನ ಬಾಟ್ಲಿ" ಅಂದೆ. ಬಾಟಲಿ ಗಾಡಿಯಲ್ಲೇ ಇತ್ತು. ಇನ್ನೊಂದು ತಗೊಂಡು ಹೋದೆ.

ಮೊದಲ ತಿರುವಿನಲ್ಲಿ ಮನೆ ಮರೆಯಾಗುತ್ತದೆ. ಅಲ್ಲಿ ಇಳಿದು, ಒಂದು ಕಡ್ಡಿಯಿಂದ ವಾಲ್ವಿನ ಮೂತಿ ಒತ್ತಿ ಗಾಳಿ ಬಿಟ್ಟೆ. ಚಿಕ್ಕವಳಿದ್ದಾಗ ನಮ್ಮಮ್ಮ, "ಸಿಟ್ಟು ಬಂದಾಗ ನೂರರವರೆಗೆ ಎಣಿಸು" ಅನ್ನುತ್ತಿದ್ದಳು. ಬೇರೆ ಮಕ್ಕಳಿಗೆ ಹತ್ತು ಸಾಕು, ನಿನಗೆ ನೂರು ಬೇಕು ಎಂದು ನಗುತ್ತಿದ್ದಳು. ನೂರು ಎಣಿಸಿ ಹೆಬ್ಬೆರಳು ಒತ್ತಿ ನೋಡಿದರೆ, ಟೈರು ಅಂಗಡಿಯಿಂದ ಬಂದಾಗ ಇದ್ದಷ್ಟೇ ಮೆತ್ತಗಾಗಿತ್ತು. ಅಲ್ಲಿಂದ ಅದೇ ಅಳತೆಯಾಯಿತು. ಒಂದೊಂದು ಗಾಲಿಗೂ ನೂರು. ಗಾಳಿಯ ಜೊತೆಗೆ ನನ್ನ ಸಿಟ್ಟೂ ಇಳಿಯುತ್ತಿತ್ತು. ಬೆಳಿಗ್ಗೆ ಅವರು ಠಣ್ ಅನ್ನಿಸುವುದು, ತಿರುವಿನಲ್ಲಿ ನಾನು ಬುಸ್ ಅನ್ನಿಸುವುದು. ಸಂಸಾರ ಸುಖವಾಗಿಯೇ ನಡೆದಿತ್ತು.

ಆದರೆ ನಮ್ಮನೆಯವರಿಗೆ ದಿನಕಳೆದಂತೆ ತಲೆ ಕೆಡತೊಡಗಿತು. ಬೆಳಿಗ್ಗೆ ಅಷ್ಟು ತುಂಬಿದ ಗಾಳಿ ಸಂಜೆಗೆ ಎಲ್ಲಿ ಹೋಗುತ್ತದೆ? ಅವರ ಬಸ್ಸಿನ ಕಾಲದ ಗಾಳಿ ಮಾಪಕ ಇಟ್ಟು ನೋಡಿದರೆ ಮುಳ್ಳು ಸೊನ್ನೆಯಿಂದ ಮಿಸುಕುತ್ತಲೇ ಇರಲಿಲ್ಲ. ಬಸ್ಸಿನ ಟೈರಿನ ಗಾಳಿ ಅಳೆಯುವ ಮಾಪಕಕ್ಕೆ ಕಪ್ಪೆಯ ಗಾಳಿ ಲೆಕ್ಕಕ್ಕೇ ಇಲ್ಲ.

"ಬೆಣ್ಣೆ ಟೈರು ಸೋರ್ತಿದೆ ಕಣೇ. ಆ ಗುಡುಗನ್ನ ವಿಚಾರಿಸ್ಕೋಬೇಕು" ಅನ್ನುತ್ತಿದ್ದರು. ನಾನು ತಟ್ಟೆ ತೊಳೆಯುವುದರಲ್ಲಿ ಮುಳುಗಿಹೋಗುತ್ತಿದ್ದೆ.

ಇಂಜಿನಿಯರಮ್ಮ ಬರುವ ಹಿಂದಿನ ಸಂಜೆ ನಾನು ಗುಡ್ಡದಿಂದ ಇಳಿದು ಬಂದಾಗ ನಮ್ಮನೆಯವರು ಎಲ್ಲಿಗೋ ಹೋಗಿ ಬಂದಂತಿತ್ತು. ಹೊರಗಿನ ಚಪ್ಪಲಿ ಬಾಗಿಲಲ್ಲಿತ್ತು. ಊಟದ ಹೊತ್ತಿಗೆ ಎರಡು ಸಲ ಬಡಿಸಿದರೂ ತಟ್ಟೆಯನ್ನು ನೋಡದೆ ತಿಂದರು.

"ಹುಷಾರಿಲ್ವಾ?"

"ಹಾಗೇನಿಲ್ಲ."

ನಾನೂ ಹೆಚ್ಚು ಕೇಳಲಿಲ್ಲ. ನನ್ನ ತಲೆಯ ತುಂಬ ಬೆಳಗಿನ ಹಾಸುಬಂಡೆಯೇ ಇತ್ತು.

ಬೆಳಿಗ್ಗೆ ಹಾಲಿಟ್ಟೆ. ಠಣ್, ಠಣ್, ಠಣ್, ಠಣ್. ಸರಿ, ಎಂದಿನಂತೆಯೇ. ಇಂಜಿನಿಯರಮ್ಮ ಟೋಪಿ ಹಾಕಿಕೊಂಡು ಬಂದಳು. ಕಾಲುದಾರಿಯಲ್ಲಿ ನಡೆದು ಹೋಗಿ ಹಾಸುಬಂಡೆಯ ಹತ್ತಿರ ಕಾಯುತ್ತೇನೆ ಎಂದಳು. ದಾರಿ ತೋರಿಸುತ್ತೇನೆ ಎಂದು ನಮ್ಮನೆಯವರೂ ಹೊರಟರು. ಕೈಯಲ್ಲಿ ಸಲಾಕೆ, ಹೆಗಲ ಚೀಲದಲ್ಲಿ ಪಂಪು, ಹಗ್ಗ. ಮದುವೆಮನೆಗೆ ಹೋದರೂ ಅವರು ಇವನ್ನು ಬಿಟ್ಟು ಹೋಗುವವರಲ್ಲ.

ನಾನು ಸುತ್ತುದಾರಿಯಲ್ಲಿ ಗಾಡಿ ಏರಿಸಿ ತಿರುವಿನಲ್ಲಿ ಇಳಿದೆ. ಗಾಳಿ ಭರ್ರೆಂದು ಬೀಸುತ್ತಿತ್ತು, ವಾಲ್ವಿನ ಬುಸ್ ಸದ್ದು ಸರಿಯಾಗಿ ಕೇಳುತ್ತಲೂ ಇರಲಿಲ್ಲ. ಅವರು ಕಾಯುತ್ತಾರಲ್ಲ ಎಂಬ ಅವಸರ ಬೇರೆ. ಗಡಿಬಿಡಿಯಲ್ಲಿ ಎಣಿಸಿದೆ. ಆದರೆ ಎಣಿಸುವುದರಲ್ಲಿ ಮೋಸ ಮಾಡಲಿಲ್ಲ. ನಾಲ್ಕು ಗಾಲಿ, ನಾಲ್ಕು ನೂರು. ಪಕ್ಕೆ ದಪ್ಪ ಇರುವ ಟೈರು, ಒಳಗೆ ಎಷ್ಟಿದೆ ಎಷ್ಟಿಲ್ಲ ಎಂದು ಮುಖದಲ್ಲಿ ತೋರಿಸುವುದಿಲ್ಲ. ಹತ್ತಿ ಹೊರಟೆ.

ಹಾಸುಬಂಡೆಯ ಮೇಲ್ತುದಿಯಲ್ಲಿ ಇಬ್ಬರೂ ನಿಂತಿದ್ದರು. ಕೈಬೀಸಿದೆ. ಅರ್ಧ ಚೆನ್ನಾಗಿಯೇ ಹತ್ತಿತು. ಆಮೇಲೆ ಮುಂದಿನ ಎಡಗಾಲಿ ಒಂದು ಬಿರುಕಿನ ಅಂಚಿಗೆ ತಾಗಿತು. ಒಳಗಿಂದ ಕಬ್ಬಿಣ ಕಲ್ಲಿಗೆ ಬಡಿದ ಸದ್ದು. ಗಾಡಿ ಒಂದು ಬದಿಗೆ ಕುಸಿಯಿತು. ಬ್ರೇಕು ಹಿಡಿದು ಬಗ್ಗಿ ನೋಡಿದರೆ, ಟೈರು ಗಾಲಿಯ ರಿಮ್ಮಿನಿಂದ ಕಳಚಿ, ಕಾಲಿನಿಂದ ಜಾರಿದ ಚಪ್ಪಲಿಯ ಹಾಗೆ ಜೋತಾಡುತ್ತಿತ್ತು.

"ಅಕ್ಕಾ..." ಎಂದಳು ಇಂಜಿನಿಯರಮ್ಮ. ಆ ದನಿಯಲ್ಲಿ ಬಿಲ್ ಕೌಂಟರಿನ ಫ್ಯಾನು ತಿರುಗುವುದು ನನಗೆ ಕೇಳಿಸಿತು. ಇಳಿದು ಬಂಡೆಯ ಮೇಲೆ ಕೂತುಬಿಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಗಿಯಿತು, ಇನ್ನು ಗುಡ್ಡವನ್ನು ಕಿಟಕಿಯಿಂದ ನೋಡಬೇಕು. ಕಣ್ಣಲ್ಲಿ ನೀರೇ ಬಂತು.

ನಮ್ಮನೆಯವರು ಬಂಡೆಯ ಮೇಲೆ ಅಂಡೂರಿ ಜಾರುತ್ತ ಜಾರುತ್ತ ಇಳಿದು ಬಂದರು. "ಏನೂ ಆಗಿಲ್ಲ ತಾನೆ ನಿಂಗೆ?" ಎಂದು ನನ್ನ ಕೈಕಾಲು ನೋಡಿ, ಆಮೇಲೆ ಗಾಲಿ ನೋಡಿ, "ಇದು ಹೇಗೆ ಸಾಧ್ಯ? ನಾನೇ ಬೆಳಿಗ್ಗೆ ಅಳೆದು ಸರಿಯಾಗಿ ಬಿಟ್ಟಿದ್ದೆ!" ಅಂದರು.

"ಏನು ಬಿಟ್ಟಿದ್ರಿ?"

"ಗಾಳಿ."

"ನೀವು ಬಿಟ್ರಾ? ನೀವು ತುಂಬೋರಲ್ವಾ?"

ಅವರ ಕಿವಿ ಕೆಂಪಾಯಿತು. ಅಂಗಿಯ ಜೇಬಿನಿಂದ ಹೊಚ್ಚಹೊಸ ಪುಟ್ಟ ಮಾಪಕವೊಂದನ್ನು ತೆಗೆದರು. "ನಿನ್ನೆ ಜಗಳ ಆಡೋಣ ಅಂತ ಗುಡುಗಿನ ಹತ್ರ ಹೋದೆ. ಟೈರು ಸೋರ್ತಿದೆ, ಬದಲಾಯಿಸ್ಕೊಡು ಅಂದೆ. ಅವನೊಂದು ಟೈರಿಗೆ ನನ್ನಷ್ಟು ಗಾಳಿ ತುಂಬಿ ಕಲ್ಲಿನ ಮೇಲಿಟ್ಟು ತೋರಿಸ್ದ. ಆಮೇಲೆ ಗಾಳಿ ಇಳಿಸಿ ತೋರಿಸ್ದ. ಇಷ್ಟು ದಿನ ನಿನ್ನ ಬೀಳಿಸ್ತಿದ್ದೋನು ನಾನೇ ಅಂತ ಆಗ ಗೊತ್ತಾಯ್ತು ಕಣೇ. ಹೇಳೋಕೆ ಬಾಯಿ ಬರ್ಲಿಲ್ಲ. ಸುಮ್ನೆ ಸರಿ ಮಾಡ್ಬಿಡೋಣ ಅಂತ ಇವತ್ತು ಬೆಳಿಗ್ಗೆ ಒಂಚೂರು ತುಂಬಿ, ಅಳೆದು, ಹೆಚ್ಚಾದದ್ದು ಬಿಟ್ಟು, ಮುಳ್ಳು ಆರಕ್ಕೆ ನಿಲ್ಲಿಸ್ದೆ."

"ಮತ್ತೆ ಠಣ್ ಅಂದಿದ್ದು?"

"ಅದು ಗೇಟು."

"ಗೇಟಾ?"

"ನೀನು ಆ ಸದ್ದು ಕೇಳ್ಕೊಂಡು ಹಾಲಿಡ್ತೀಯಲ್ಲ. ಕೇಳದೆ ಹೋದ್ರೆ ಏನಾಯ್ತೋ ಅಂತ ಓಡಿ ಬರ್ತೀಯ. ಅದಕ್ಕೇ ಗೇಟಿಗೆ ಹೊಡೆದೆ."

ಇನ್ನು ನಾನೂ ಹೇಳಲೇಬೇಕಾಯಿತು. ತಿರುವು, ಕಡ್ಡಿ, ನೂರು, ಎಲ್ಲ.

"ದಿನಾನೂ?"

"ದಿನಾನೂ."

"ಇವತ್ತೂ?"

"ಇವತ್ತೂ!"

ಮೇಲೆ ಇಂಜಿನಿಯರಮ್ಮ ಮೊದಲು ಕೆಮ್ಮಿದಳು. ಆಮೇಲೆ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದಳು. ಆಮೇಲೆ ಬಂಡೆಯ ಮೇಲೆ ಕೂತು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಳು. "ಒಬ್ರು ತುಂಬೋದು, ಒಬ್ರು ಬಿಡೋದು! ಅಂಕಲ್, ಒಂದು ಮಾತು ಹೇಳ್ಕೋಬಾರ್ದಿತ್ತಾ ನೀವಿಬ್ರೂ?"

"ಬೈತೀನಿ ಅಂತ ಇವರು ಹೇಳ್ಲಿಲ್ಲ" ಅಂದೆ.

"ನಂಗೆ ಬೇಜಾರಾಗತ್ತೆ ಅಂತ ಇವಳು ಬೈಲಿಲ್ಲ" ಅಂದರು ಅವರು. ಹೇಳಿ ನನ್ನ ಕಡೆ ನೋಡಿದರು. ಅಷ್ಟು ವರ್ಷ ಜೊತೆಯಲ್ಲಿ ಬದುಕಿ, ನಾನು ಬೈಯದೆ ಇದ್ದದ್ದನ್ನು ಅವರು ಅವತ್ತು ಮೊದಲ ಸಲ ಕಂಡುಹಿಡಿದಿದ್ದರು.

ಆಮೇಲೆ ಅವರು ಮಾಡಿದ್ದನ್ನು ನೋಡಬೇಕಿತ್ತು. ಮೊದಲು ಗಾಲಿಗಳ ಹಿಂದೆ ಕಲ್ಲು ಒತ್ತಿ ಗಾಡಿಯನ್ನು ಭದ್ರ ಮಾಡಿದರು. ಗಾಡಿಯ ಜಾಕಿಯಿಂದ ಗಾಲಿ ಎತ್ತಿ, ಟೈರನ್ನು ರಿಮ್ಮಿಗೆ ತಳ್ಳಿ ಕೂರಿಸಿದರು. ಹಗ್ಗವನ್ನು ಟೈರಿನ ಹೊಟ್ಟೆಯ ಸುತ್ತ ಸುತ್ತಿ, ಗಂಟು ಹಾಕಿ, ಗಂಟಿಗೆ ತಮ್ಮ ಸಲಾಕೆ ತೂರಿಸಿ ತಿರುಪಿದರು. ಹಗ್ಗ ಬಿಗಿದಂತೆ ಟೈರಿನ ಅಂಚುಗಳು ಅಗಲವಾಗಿ ಎರಡೂ ಬದಿಯ ಕಬ್ಬಿಣಕ್ಕೆ ಒತ್ತಿಕೊಂಡವು. "ಹಿಡ್ಕೊಳೇ" ಎಂದು ಸಲಾಕೆಯನ್ನು ನನ್ನ ಕೈಗೆ ಕೊಟ್ಟು ಪಂಪು ತುಳಿದರು. ನಾನು ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದಿದ್ದೆ. ವರ್ಷಗಟ್ಟಲೆ ಸದ್ದು ಕೇಳಿದ್ದೆನೇ ಹೊರತು ಆ ಸಲಾಕೆಯನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಅವರ ಕೈ ತಾಗಿ ತಾಗಿ ಅದು ಒಂದು ಕಡೆ ನುಣ್ಣಗಾಗಿತ್ತು. ಅಷ್ಟರಲ್ಲಿ ಟಪ್ ಎಂದು ಅಂಚು ಕೂತಿತು.

ಇಂಜಿನಿಯರಮ್ಮ ಇಳಿದು ಬಂದು ಟೈರಿನ ಪಕ್ಕೆಯನ್ನು ಕೈಯಾಡಿಸಿ ನೋಡಿದಳು. ಕಬ್ಬಿಣ, ಕಲ್ಲು ಎರಡರ ನಡುವೆ ಸಿಕ್ಕಿ ಅದುಮಿಹೋಗಿದ್ದರೂ ಒಂದು ಗೀರೂ ಇರಲಿಲ್ಲ. "ಟೈರು ಒಳ್ಳೇದು ಆರಿಸಿದೀರ ಅಕ್ಕಾ" ಅಂದಳು. ನಾಲ್ಕೂ ಗಾಲಿಗೆ ನಮ್ಮನೆಯವರು ಪುಟ್ಟ ಮಾಪಕ ಇಟ್ಟು, ಮುಳ್ಳನ್ನು ಅವಳಿಗೂ ತೋರಿಸಿ, ನನಗೂ ತೋರಿಸಿ, ಸರಿಯಾಗಿ ಆರಕ್ಕೆ ನಿಲ್ಲಿಸಿದರು.

ನಾನು ಹತ್ತಿ ಕೂತೆ. ಮೆಲ್ಲಗೆ ಆಕ್ಸಿಲರೇಟರ್ ಒತ್ತಿದೆ. ಗಾಲಿ ಬಿರುಕಿನ ಅಂಚನ್ನು ಮುಟ್ಟಿತು, ಅದರ ಮೇಲೆ ಮಡಿಸಿಕೊಂಡಿತು, ದಾಟಿತು. ಕುಪ್ಪಳಿಕೆ ಇಲ್ಲ, ಜಾರುವಿಕೆ ಇಲ್ಲ. ಹಾಸುಬಂಡೆ ಮುಗಿದದ್ದೇ ತಿಳಿಯಲಿಲ್ಲ. ಮೇಲೆ ಹೋಗಿ ತಿರುಗಿ ನೋಡಿದರೆ, ಕೆಳಗೆ ನಮ್ಮನೆಯವರು ಸಲಾಕೆ ಎತ್ತಿ ಹಿಡಿದು ಮಗುವಿನ ಹಾಗೆ ಕುಣಿಯುತ್ತಿದ್ದರು.

ಇಂಜಿನಿಯರಮ್ಮ ಹೊರಡುವಾಗ ಹೇಳಿದಳು: "ಗುಡ್ಡ ನಿಮ್ದೇ ಅಕ್ಕಾ. ಆದ್ರೆ ಒಂದು ಷರತ್ತು. ಗಾಳಿಗೆ ಒಬ್ರೇ ಕೈ ಹಾಕ್ಬೇಕು."

"ಇವರೇ" ಅಂದೆ, ಯೋಚನೆಯೇ ಮಾಡದೆ.

ಮರುದಿನ ಬೆಳಿಗ್ಗೆ ಹಾಲಿಟ್ಟು ಕಿವಿಗೊಟ್ಟೆ. ಠಣ್ ಇಲ್ಲ. ಗೇಟೂ ಇಲ್ಲ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿ ಶೆಡ್ಡಿಗೆ ಹೋದೆ. ನಮ್ಮನೆಯವರು ಮೊದಲ ಗಾಲಿಯ ಮುಂದೆ ಮೊಣಕಾಲೂರಿ ಕೂತಿದ್ದರು. ಸಲಾಕೆ ಗೋಡೆಗೆ ಒರಗಿತ್ತು.

"ಬಂದ್ಯಾ? ಕೂತ್ಕೋ. ಇನ್ಮೇಲೆ ಸದ್ದಿಂದ ಗೊತ್ತಾಗಲ್ಲ, ಕೈಯಿಂದ ಗೊತ್ತಾಗ್ಬೇಕು. ಗುಡ್ಡದ ಮೇಲೆ ನಾನಿರಲ್ವಲ್ಲ, ನಿಂಗೂ ಗೊತ್ತಿರ್ಲಿ."

ನನ್ನ ಹೆಬ್ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ಟೈರಿನ ಮೇಲಿಟ್ಟು ಒತ್ತಿದರು. ರಬ್ಬರು ಒಂದಿಷ್ಟು ತಗ್ಗಿತು. ಅವರ ಅಂಗೈ ಬೆಚ್ಚಗಿತ್ತು, ಎಣ್ಣೆ ವಾಸನೆ ಬರುತ್ತಿತ್ತು.

"ಇಷ್ಟು. ಗೊತ್ತಾಯ್ತಾ?"

ಗೊತ್ತಾಗಿತ್ತು. ಚೆನ್ನಾಗಿ ಗೊತ್ತಾಗಿತ್ತು.

"ಇಲ್ಲ" ಅಂದೆ. ಇನ್ನೂ ಮೂರು ಗಾಲಿ ಇದ್ದವಲ್ಲ.